ಆ ಮುಖ ಯಾರದ್ದು

ನಲವತ್ತು ದಾಟಿ ಕಿವಿಯ ಪಕ್ಕ ಬಿಳಿಕೂದಲು ಇಣುಕುತ್ತಿದ್ದರೂ ಮನೆಯವರಿಗೂ ಚರ್ಚಿನವರಿಗೂ ಅವಳು ಪುಟ್ಟಿಯೇ. ಆ ಹೆಸರಿಟ್ಟವಳು ಅಕ್ಕ, ಅದೂ ಬಾಯಿಂದಲ್ಲ. ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ತಂಗಿ ಹುಟ್ಟಿದ ದಿನ ತೊಟ್ಟಿಲಲ್ಲಿ ಇಣುಕಿ ನೋಡಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು "ಇಷ್ಟೇ ಇಷ್ಟು" ಎಂದು ಎಲ್ಲರಿಗೂ ತೋರಿಸಿದ್ದಳಂತೆ. ಆ ಸನ್ನೆಯೇ ಹೆಸರಾಗಿ ಅಂಟಿಕೊಂಡಿತು.

ಅಕ್ಕನ ಜೊತೆ ಜಗಳವಾಡಬೇಕಾದರೆ ಸನ್ನೆ ಬಾರದೆ ಗತಿಯಿರಲಿಲ್ಲ. ಹಾಗಾಗಿ ಪುಟ್ಟಿ ಬಾಯಿ ಬರುವ ಮೊದಲೇ ಕೈ ಬೀಸಲು ಕಲಿತಳು. ದೊಡ್ಡವಳಾದ ಮೇಲೆ ಅದೇ ಅವಳ ಹೊಟ್ಟೆಪಾಡಾಯಿತು. ಆಸ್ಪತ್ರೆ, ಕೋರ್ಟು, ಕಾಲೇಜು, ಎಲ್ಲಿ ಕಿವಿ ಕೇಳುವವರೂ ಕೇಳದವರೂ ಎದುರುಬದುರಾಗುತ್ತಾರೋ ಅಲ್ಲಿ ನಡುವೆ ಪುಟ್ಟಿ ನಿಂತಿರುತ್ತಾಳೆ, ದುಭಾಷಿಯಾಗಿ. ಭಾನುವಾರ ಚರ್ಚಿನಲ್ಲಿ, ಪೀಠದ ಎಡಗಡೆಯ ಗಿಡ್ಡ ಮೆಟ್ಟಿಲ ಮೇಲೆ, ಅಕ್ಕ ಮತ್ತವಳ ಗೆಳತಿಯರು ಕೂರುವ ಮುಂದಿನ ಬೆಂಚಿನ ಎದುರಿಗೆ.

ಆ ಕೆಲಸಕ್ಕೊಂದು ಕಟ್ಟುಪಾಡಿದೆ. ಹೇಳಿದ್ದಕ್ಕೆ ಏನನ್ನೂ ಸೇರಿಸುವಂತಿಲ್ಲ, ಹೇಳಿದ್ದರಲ್ಲಿ ಏನನ್ನೂ ಬಿಡುವಂತಿಲ್ಲ. ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯೂ ಇದೆ. ಸನ್ನೆಯ ಭಾಷೆಯಲ್ಲಿ ಅರ್ಧ ಮಾತು ಮುಖದಲ್ಲಿರುತ್ತದೆ. ಮಾತಾಡುವವನು ಸಿಡುಕಿದರೆ ದುಭಾಷಿಯ ಮುಖವೂ ಸಿಡುಕಬೇಕು, ಅವನು ಹಲ್ಲು ಕಿಸಿದರೆ ಇವಳೂ ಕಿಸಿಯಬೇಕು, ಅವನು "ನಾನು" ಎಂದರೆ ಇವಳು ತನ್ನದೇ ಎದೆ ಮುಟ್ಟಿ "ನಾನು" ಎನ್ನಬೇಕು. ಒಮ್ಮೆ ಕೋರ್ಟಿನಲ್ಲಿ ಕಳ್ಳನೊಬ್ಬ "ಕದ್ದಿದ್ದು ನಾನೇ" ಎಂದು ಒಪ್ಪಿಕೊಂಡಾಗ, ಕಿವಿ ಕೇಳದ ಅಂಗಡಿಯವನ ಮುಂದೆ ಪುಟ್ಟಿ ಎದೆ ಮುಟ್ಟಿಕೊಂಡು ತಲೆ ತಗ್ಗಿಸಿದ್ದಳು. ಅದು ತಿಳಿದ ಅಕ್ಕ ಆಮೇಲೆ ಬಹಳ ದಿನ ಅವಳನ್ನು ಕಳ್ಳಿ ಎಂದೇ ಕರೆದಳು.

ಇಂಥ ಪುಟ್ಟಿಗೆ ಆ ಸಂಜೆಯ ಕೆಲಸ ಸಿಕ್ಕಿದ್ದು ಅಕ್ಕನ ಪಾಲಿಗೆ ಹಬ್ಬವೇ ಆಗಿತ್ತು. ಊರಿನಲ್ಲಿ ಹೆಸರು ಮಾಡಿದ್ದ ನಗೆಗಾರನೊಬ್ಬನ ಪ್ರದರ್ಶನ. ಒಂದು ಕಾಲು ಗಿಡ್ಡ, ಕುಂಟುತ್ತಲೇ ವೇದಿಕೆಗೆ ಬರುತ್ತಾನೆ, ಬಂದ ಕೂಡಲೇ ತನ್ನ ಕಾಲನ್ನೇ ಗೇಲಿ ಮಾಡಿ ಜನರನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾನೆ. ಅವನ ಪ್ರದರ್ಶನಕ್ಕೆ ಮೊದಲ ಸಲ ಸನ್ನೆಯ ದುಭಾಷಿಯನ್ನು ಇಟ್ಟಿದ್ದರು. ಎಲ್ಲರೂ ನಕ್ಕು ಕಣ್ಣೊರೆಸಿಕೊಂಡಾದ ಮೇಲೆ "ಏನಂತೆ, ಏನಂತೆ?" ಎಂದು ಕೇಳಿ ತಿಳಿದು, ಒಬ್ಬಳೇ ನಗುವುದು ಅಕ್ಕನಿಗೆ ಚಿಕ್ಕಂದಿನಿಂದ ಬಂದ ಪಾಡು. ಈ ಸಲ ಎಲ್ಲರ ಜೊತೆಗೇ ನಗಬಹುದು. ಚರ್ಚಿನ ಬೆಂಚಿನವರನ್ನೆಲ್ಲ ಕಟ್ಟಿಕೊಂಡು ಬಂದು, ಸಭಾಂಗಣದ ಮುಂದಿನ ಸಾಲಿನಲ್ಲಿ ಮದುವೆಗೆ ಬಂದವಳ ಹಾಗೆ ಸಿಂಗರಿಸಿಕೊಂಡು ಕೂತಿದ್ದಳು. ಪುಟ್ಟಿ ಮೊದಲೇ ಅವನ ಕಡೆಯವರನ್ನು ವಿಚಾರಿಸಿದ್ದಳು, ಏನು ಮಾತಾಡುತ್ತಾರೆ ಎಂದು ಬರೆದದ್ದಿದ್ದರೆ ಕೊಡಿ ಎಂದು. "ಅವರು ಬರೆಯಲ್ಲ ಮೇಡಂ, ಬಾಯಿಗೆ ಬಂದಿದ್ದು" ಎಂದಿದ್ದರು.

ಶುರುವೆಲ್ಲ ಚೆನ್ನಾಗಿಯೇ ಇತ್ತು. ಬಾಡಿಗೆ ಮನೆಯ ಯಜಮಾನ, ಹೆಣ್ಣು ಹುಡುಕುವ ಪರದಾಟ, "ನಾನು ಕುಂಟ ಅಲ್ಲ, ನೆಲಾನೇ ಸರಿ ಇಲ್ಲ." ಮಾತು ಮುಗಿಯುವ ಮೊದಲೇ ಪುಟ್ಟಿಯ ಮುಖದಲ್ಲಿ ಅದನ್ನು ಹಿಡಿದು, ಅಕ್ಕ ಎಲ್ಲರಿಗಿಂತ ಅರೆಗಳಿಗೆ ಮುಂಚೆಯೇ ನಕ್ಕಳು. ನಗುತ್ತ ಹಿಂದಿನ ಸಾಲಿನ ಕಿವಿ ಕೇಳುವವರನ್ನು ತಿರುಗಿ ನೋಡಿದಳು, ಇವತ್ತು ನೀವು ತಡ ಎನ್ನುವ ಹಾಗೆ.

ಅಷ್ಟರಲ್ಲಿ ನಗೆಗಾರ ವೇದಿಕೆಯ ನಡುವೆ ನಿಂತು ಎರಡೂ ತೋಳು ಅಗಲಿಸಿದ.

"ಇವರನ್ನ ಗುರುತು ಹಿಡಿದ್ರಾ? ಗೋಡೆ ಮೇಲೆ ನೇತಾಡ್ತಿರ್ತಾರಲ್ಲ, ಅದೇ, ಯೇಸು. ಎಲ್ಲರ ಕಣ್ಣು ಕಿವಿ ಕಾಲು ವಾಸಿ ಮಾಡಿದ ಡಾಕ್ಟ್ರು. ಈಗ ಅವರಿಗೇ ಮೂಗು ತುರಿಸ್ತಿದೆ. ಏನ್ಮಾಡ್ತಾರೆ ಪಾಪ? ಎರಡೂ ಕೈ ಬಿಜಿ!"

ಸಭಾಂಗಣ ಹೋ ಎಂದಿತು. ಅಷ್ಟು ವರ್ಷಗಳಲ್ಲಿ ಅವಳ ಕೈ ಬಯ್ಗುಳ ಆಡಿತ್ತು, ಸುಳ್ಳಾಡಿತ್ತು, ಸಾವಿನ ಸುದ್ದಿ ಹೇಳಿತ್ತು. ಇದನ್ನು ಆಡಿರಲಿಲ್ಲ.

ಯೇಸು ಎನ್ನುವುದಕ್ಕೆ ಒಂದು ಸನ್ನೆಯಿದೆ. ಒಂದು ಕೈಯ ನಡುಬೆರಳಿನಿಂದ ಇನ್ನೊಂದು ಅಂಗೈಯ ನಡುವನ್ನು ಮುಟ್ಟುವುದು, ಆಮೇಲೆ ಈ ಕೈಯಿಂದ ಆ ಕೈಯನ್ನು. ಮೊಳೆ ಹೊಡೆದ ಜಾಗ. ಅಕ್ಕನಿಗೆ ಅದನ್ನು ಕಲಿಸಿದ್ದು ಅಮ್ಮ. ಅಮ್ಮನಿಗೆ ಸನ್ನೆಯ ಭಾಷೆ ಇದೆಯೆಂದೇ ಗೊತ್ತಿರಲಿಲ್ಲ. ಕೇಳಿಸದ ಮಗಳಿಗೆ ದೇವರನ್ನು ಹೇಳುವುದು ಹೇಗೆ ಎಂದು ತೋಚದೆ, ಪುಟ್ಟ ಅಂಗೈ ಬಿಡಿಸಿ ನಡುವೆ ಮೆಲ್ಲಗೆ ಬೆರಳೊತ್ತಿ, ಅಲ್ಲೇ ಮುತ್ತಿಟ್ಟಿದ್ದಳು. ಆಮೇಲೆ ಶಾಲೆಗೆ ಹೋದಾಗ ಅಲ್ಲೂ ಅದೇ ಸನ್ನೆ. ಅಮ್ಮನಿಗೆ ಯಾರು ಹೇಳಿಕೊಟ್ಟರು ಎಂದು ಅಕ್ಕ ಈಗಲೂ ಕೇಳುತ್ತಾಳೆ.

ಈಗ ಆ ಸನ್ನೆಯನ್ನೇ ಮಾಡಬೇಕು. ಮಾಡಿದಳು. ಆಮೇಲೆ ತೋಳು ಅಗಲಿಸಿದಳು. ಆಮೇಲೆ, ಬಿಡುವಂತಿಲ್ಲವಲ್ಲ, ಮೂಗನ್ನು ಅತ್ತಿತ್ತ ಕೊಂಕಿಸಿ, ತುಟಿಯನ್ನು ಮೇಲೆತ್ತಿ ಮೂಗಿಗೆ ತಾಗಿಸಲು ನೋಡಿ, ನಗೆಗಾರ ಮಾಡಿದ್ದನ್ನೆಲ್ಲ ತನ್ನ ಮುಖದಲ್ಲಿ ತಂದಳು. ಅವನು ಕತ್ತೆತ್ತಿ ಕೂಗಿದ, "ಅಪ್ಪಾ! ಸ್ವಲ್ಪ ಮೂಗು ಕೆರೆಯಪ್ಪಾ! ಅಪ್ಪ ಮಾತೇ ಆಡಲ್ಲ. ಯಾಕೆ? ಮನೇಲಿ ಇದ್ರೆ ತಾನೆ!" ಪುಟ್ಟಿಯೂ ಕತ್ತೆತ್ತಿದಳು. ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಇದು ನನ್ನ ಕೈಯೇನಾ ಎಂದು ದಿಗಿಲಾಗಿ ಅವಳೇ ಅದನ್ನು ನೋಡುತ್ತಿದ್ದಳು.

ಮುಂದಿನ ಸಾಲಿನಲ್ಲಿ ಅಕ್ಕ ನಕ್ಕಳು. ಬಾಯಿ ತೆರೆದು ನಕ್ಕವಳು ಹಾಗೇ ಬಾಯಿ ಮುಚ್ಚಿದಳು. ಆಮೇಲೆ ಇಡೀ ಸಾಲು ಕಲ್ಲಾಗಿ ಕೂತಿತು.

"ನನ್ನ ಕಾಲಿಗೂ ಅಜ್ಜಿ ಈ ಡಾಕ್ಟ್ರ ಚರ್ಚಿಗೆ ಕರ್ಕೊಂಡು ಹೋಗಿದ್ಳು," ಎನ್ನುತ್ತಿದ್ದ ನಗೆಗಾರ. "ಕೈಯಿಟ್ಟು ಪ್ರಾರ್ಥನೆ ಮಾಡಿದ್ರು. ಕಾಲು ಬೆಳೀಲಿಲ್ಲ. ನಿನ್ನ ನಂಬಿಕೆ ಸಾಲ್ದು ಅಂದ್ರು. ಇನ್ನೆಷ್ಟು ಬೇಕು ಸ್ವಾಮೀ, ಸೈಜ್ ಹೇಳಿ!" ಜನ ಮತ್ತೆ ನಕ್ಕರು. ಪುಟ್ಟಿ ಅದನ್ನೂ ಬಿಡದೆ ಹೇಳಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಅಕ್ಕ ಕೈಗಳನ್ನು ಸೆರಗಿನೊಳಗೆ ತುರುಕಿಕೊಂಡಳು. ಕೈಯಲ್ಲಿ ಮಾತಾಡುವವಳು ಕೈ ಅಡಗಿಸಿದರೆ ಬಾಯಿಗೆ ಬೀಗ ಹಾಕಿದ ಹಾಗೆ. ಪುಟ್ಟಿ ಭುಜ ಮುಟ್ಟಿದಳು, ಅಕ್ಕ ಕಿಟಕಿಯ ಕಡೆ ತಿರುಗಿದಳು.

ಮಾರನೆಯ ಬೆಳಗ್ಗೆ ಪುಟ್ಟಿ ಅಡುಗೆಮನೆಯಲ್ಲಿ ಪ್ರಾರ್ಥನೆಗೆ ನಿಂತಾಗ ಇನ್ನೊಂದು ಆಘಾತ ಕಾದಿತ್ತು. ಅವಳದು ಅಕ್ಕನ ಜೊತೆ ಬೆಳೆದ ಅಭ್ಯಾಸ, ಬಾಯಿಗಿಂತ ಮೊದಲು ಕೈಯಲ್ಲೇ ಪ್ರಾರ್ಥನೆ ಶುರುವಾಗುತ್ತದೆ. ನಡುಬೆರಳು ಅಂಗೈಯ ಹತ್ತಿರ ಹೋಗಿ ನಿಂತಿತು, ತಾಗಲಿಲ್ಲ. ಮುಟ್ಟಿದರೆ ಮೂಗು ತಾನಾಗಿ ಕೊಂಕೀತು ಎಂಬ ಭಯ. ಅವಳು ಕೈ ಕೆಳಗಿಳಿಸಿ ಹಾಲು ಕಾಯಿಸತೊಡಗಿದಳು.

ಹಿಂದೆಯೇ ಗಂಡ ಫೋನ್ ಹಿಡಿದು ಬಂದ. ಬಸ್ ಓಡಿಸುವ ಸಾಧು ಮನುಷ್ಯ, ಬೆಳಗ್ಗೆ ಬೆಳಗ್ಗೆ ಅವನ ಮುಖ ಸುಣ್ಣದ ಹಾಗಾಗಿತ್ತು. "ಇದೇನೇ ಪುಟ್ಟಿ ಇದು?"

ಚರ್ಚಿನವರ ವಾಟ್ಸಾಪ್ ಗುಂಪಿನಲ್ಲಿ ತುಣುಕು ವಿಡಿಯೋ ಒಂದು ಓಡಾಡುತ್ತಿತ್ತು. ಸದ್ದಿಲ್ಲ. ನಗೆಗಾರನೂ ಇಲ್ಲ. ಬೆಳಕಿನ ಸುತ್ತಿನಲ್ಲಿ ಪುಟ್ಟಿ ಒಬ್ಬಳೇ. ಅಂಗೈ ಮುಟ್ಟುತ್ತಾಳೆ, ತೋಳು ಅಗಲಿಸುತ್ತಾಳೆ, ಮೂಗು ಕೊಂಕಿಸುತ್ತಾಳೆ, ಹಲ್ಲು ಕಿಸಿಯುತ್ತಾಳೆ. ಕೆಳಗೆ ಯಾರೋ ಬರೆದಿದ್ದರು: ಹೊರಗಿನವರನ್ನು ಏಕೆ ದೂರಬೇಕು, ನಮ್ಮವಳೇ ನೋಡಿ.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಇಬ್ಬರಿಗೂ ಅದು ಕಾಣಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭಾವ ಬಂದರು. ಗಂಡನ ಅಣ್ಣ, ಚರ್ಚಿನ ಪಾಸ್ಟರ್ ಕೂಡ ಅವರೇ. ಕೆಟ್ಟವರಲ್ಲ. ಕಿವಿ ಕೇಳದವರಿಗೆ ಮುಂದಿನ ಬೆಂಚೇ ಬೇಕೆಂದು ಸಮಿತಿಯ ಜೊತೆ ಕಾದಾಡಿ ಕೊಡಿಸಿದ್ದು ಅವರೇ. ಯಾರ ಮನೆಯಲ್ಲಿ ಜ್ವರವೆಂದರೂ ಮೊದಲು ಬಾಗಿಲು ತಟ್ಟುವವರು ಅವರು. ಅವರಿಗಿದ್ದ ಒಂದೇ ಕೊರಗು ಎಂದರೆ, ಪೀಠದಿಂದ ಮಾಡುವ ಉಪದೇಶದ ಪ್ರಸಂಗದಲ್ಲಿ ಅವರು ಹೇಳುವ ಜೋಕಿಗೆ ಯಾರೂ ನಗುತ್ತಿರಲಿಲ್ಲ. ಹೆಂಡತಿ ನಗುತ್ತಿದ್ದಳು, ಅದೂ ಸ್ವಲ್ಪ ತಡವಾಗಿ.

ಕಾಫಿ ಬೇಡವೆಂದು ಕುರ್ಚಿಯ ತುದಿಯಲ್ಲಿ ಕೂತರು.

"ನನಗೆ ಮಾತೇ ಹೊರಡ್ತಿಲ್ಲ ಪುಟ್ಟಿ. ಅವನು ಬಿಡು, ಹೊರಗಿನೋನು. ನೀನು?"

"ಅವನು ಹೇಳಿದ್ದನ್ನ ನಾನು ಹೇಳ್ದೆ ಭಾವ. ಆ ಮುಖ ನಂದಲ್ಲ."

"ಮತ್ಯಾರದ್ದು? ನಿನ್ನ ಕತ್ತಿನ ಮೇಲೇ ಇತ್ತಲ್ಲ?"

ಇದ್ದ ಒಂದೇ ಉತ್ತರವನ್ನು ಪುಟ್ಟಿ ಈಗಾಗಲೇ ಕೊಟ್ಟಾಗಿತ್ತು. ಭಾವನೇ ಮುಂದುವರಿಸಿದರು.

"ಎದ್ದು ಹೊರಗೆ ನಡೀಬಹುದಿತ್ತಲ್ಲಮ್ಮ. ಕೈ ಕಟ್ಟಿ ನಿಲ್ಲಬಹುದಿತ್ತು."

"ನಾನು ಕೈ ಕಟ್ಟಿದ್ರೆ ಕೇಳಿಸಿಕೊಳ್ಳೋರು ಕೇಳಿಸಿಕೊಳ್ತಾನೇ ಇರ್ತಾರೆ ಭಾವ. ಬಾಗಿಲು ಮುಚ್ಚೋದು ಅಕ್ಕನಂಥೋರಿಗೆ ಮಾತ್ರ."

ಭಾವ ತಲೆ ಅಲ್ಲಾಡಿಸಿದರು. ಜನ ಕುದಿಯುತ್ತಿದ್ದಾರೆ ಎಂದರು. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಫಲಕ ಹಿಡಿದು ಆ ಸಭಾಂಗಣದ ಮುಂದೆ ನಿಲ್ಲುವುದೆಂದು ತೀರ್ಮಾನವಾಗಿದೆ ಎಂದರು. ಅದಕ್ಕೆ ಮೊದಲು, ಪ್ರಸಂಗ ಮುಗಿದ ಕೂಡಲೇ, ಪುಟ್ಟಿ ಸಭೆಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕು. "ಇಲ್ಲಾಂದ್ರೆ ಆ ಮೆಟ್ಟಿಲ ಮೇಲೆ ನಿನ್ನನ್ನ ನಿಲ್ಲಿಸೋಕೆ ನನ್ನಿಂದ ಆಗಲ್ಲಮ್ಮ."

ಅವಳು ನಿಲ್ಲದಿದ್ದರೆ ಊರಿನಲ್ಲಿ ನಿಲ್ಲುವ ಇನ್ನೊಬ್ಬರಿಲ್ಲ. ಅಕ್ಕ ಮತ್ತೆ ಬಾಯಿಗಳ ಅಲುಗಾಟ ನೋಡುತ್ತ, ಎಲ್ಲರೂ ಎದ್ದಾಗ ಏಳುತ್ತ, ಕೂತಾಗ ಕೂರುತ್ತ ಕಾಲ ಕಳೆಯಬೇಕು. ಪುಟ್ಟಿ ಒಪ್ಪಿಕೊಂಡಳು.

ಸಂಜೆ ಅಕ್ಕನ ಮನೆಗೆ ಹೋದಳು. ಅಕ್ಕ ಬಟ್ಟೆ ಮಡಚುತ್ತಿದ್ದವಳು ಕೊನೆಗೂ ಕೈ ಎತ್ತಿದಳು.

"ನಾನು ನಕ್ಕೆ ಕಣೇ," ಎಂದಿತು ಆ ಕೈ. "ಯಾರ ಬಗ್ಗೆ ಅಂತ ಮನಸ್ಸಿಗೆ ಇಳಿಯೋ ಮುಂಚೆ ನಕ್ಕುಬಿಟ್ಟೆ. ಅಮ್ಮ ಇದ್ದಿದ್ರೆ?"

"ನನ್ನ ಮೇಲೆ ಸಿಟ್ಟಾ?"

"ನಿನ್ನ ಮೇಲಾ? ನೀನು ಬಿಟ್ಟಿದ್ರೆ ಸಿಟ್ಟು ಬರ್ತಿತ್ತು." ಅಕ್ಕ ಒಂದು ದಿಂಬಿನ ಚೀಲವನ್ನು ಸುಮ್ಮನೆ ಮಡಚಿ ಬಿಡಿಸಿದಳು. "ಅವನ ಕಾಲಿಗೆ ಹೇಳಿದ್ದನ್ನೇ, ಚಿಕ್ಕೋಳಿದ್ದಾಗ ಕೈಯಿಟ್ಟು ಪ್ರಾರ್ಥನೆ ಮಾಡಿದೋರು ನನ್ನ ಕಿವಿಗೂ ಹೇಳಿದ್ರು, ಗೊತ್ತಾ? ನಂಬಿಕೆ ಸಾಲ್ದು ಅಂತ. ಅಮ್ಮ ನಂಗೆ ಹೇಳಲೇ ಇಲ್ಲ, ಅವರ ಬಾಯಿ ನೋಡಿ ತಿಳ್ಕೊಂಡೆ. ಅವನು ಅದನ್ನ ನಗಿಸೋಕೆ ಹೇಳ್ದ. ನಂಗೆ ಅಳು ಬಂತು. ಅವನನ್ನ ಯಾರಾದ್ರೂ ಹೋಗಿ ಮಾತಾಡಿಸಬೇಕಿತ್ತು."

ಪುಟ್ಟಿ ಬೆಚ್ಚಿದಳು. ಚಿಕ್ಕಂದಿನಲ್ಲಿ ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಅಕ್ಕ ಈ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಮದುವೆಗೂ ಸಾವಿಗೂ ಮಾತ್ರ ಬರುವವರು ಕೂಡ ಬಂದಿದ್ದರು. ಬಾಗಿಲ ಪಕ್ಕ ಫಲಕಗಳನ್ನು ಒರಗಿಸಿದ್ದರು. ಪುಟ್ಟಿ ಮೆಟ್ಟಿಲು ಹತ್ತಿದಾಗ ಸಭೆಯಲ್ಲಿ ಗುಸುಗುಸು ಎದ್ದು ಅಡಗಿತು. ಅವಳು ಅಕ್ಕನ ಮುಖ ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ.

ಭಾವ ಗಂಭೀರವಾಗಿಯೇ ಶುರು ಮಾಡಿದರು. ನಮ್ಮ ಕರ್ತನನ್ನು ಬೀದಿಯಲ್ಲಿ ಗೇಲಿ ಮಾಡಿದಾಗ ನಾವು ಏನು ಮಾಡಬೇಕು, ಸುಮ್ಮನಿರುವುದು ಸಹನೆಯೋ ಹೇಡಿತನವೋ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಲ್ಲೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಡುವೆ ಅವರು, "ಆ ಮಹಾಶಯ ಇಲ್ಲಿಗೆ ಬಂದ್ರೆ ಬಾಗಿಲಿಂದ ಪೀಠಕ್ಕೆ ತಲುಪೋ ಹೊತ್ತಿಗೆ ಆರಾಧನೆ ಮುಗಿದಿರುತ್ತೆ" ಎಂದುಬಿಟ್ಟರು. ಸಭೆ ಗೊಳ್ಳೆಂದಿತು.

ಭಾವನಿಗೆ ನಂಬಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಜನ ಅವರ ಜೋಕಿಗೆ ನಕ್ಕಿದ್ದರು. ಮುಖ ಅರಳಿತು. ಪೀಠದ ಹಿಂದಿನಿಂದ ಈಚೆ ಬಂದರು, ಒಂದು ಮೊಣಕಾಲು ಬಗ್ಗಿಸಿದರು, ಒಂದು ಭುಜ ಇಳಿಬಿಟ್ಟರು, ಕುಂಟುತ್ತ ಆ ಕಡೆಯಿಂದ ಈ ಕಡೆಗೆ ನಡೆದರು. ನಗು ಇಮ್ಮಡಿಯಾಯಿತು.

"ದೇವರು ಸುಮ್ಸುಮ್ನೆ ಕಾಲು ಸೊಟ್ಟ ಮಾಡ್ತಾನಾ? ಒಳಗಿನದ್ದನ್ನ ನೋಡೇ ಹೊರಗೆ ಗುರುತು ಹಾಕಿ ಕಳಿಸಿದಾನೆ!"

ಪುಟ್ಟಿಯ ಕೈ ಗಾಳಿಯಲ್ಲೇ ನಿಂತಿತು. ಇದು ಭಾವನ ಬಾಯಿ. ಇದು ಚರ್ಚು. ಎದುರಿಗೆ ಮುಂದಿನ ಬೆಂಚಿನಲ್ಲಿ, ಹುಟ್ಟಿನಿಂದ ಕಿವಿ ಕೇಳದವರು ಸಾಲಾಗಿ ಕೂತು ಅವಳ ಕೈಯನ್ನೇ ನೋಡುತ್ತಿದ್ದಾರೆ.

ಬಿಟ್ಟುಬಿಡಬಹುದಿತ್ತು. "ಅವನು ದಾರಿ ತಪ್ಪಿದವನು" ಎಂದು ಒಂದು ಸನ್ನೆ ಮಾಡಿದ್ದರೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಾವನ ಮಾನ ಉಳಿಯುತ್ತಿತ್ತು, ಅಕ್ಕನ ಮನಸ್ಸೂ ನೋಯುತ್ತಿರಲಿಲ್ಲ. ಆದರೆ ಆ ಸಂಜೆ ಯೇಸುವಿಗೋಸ್ಕರವೂ ಅವಳು ಒಂದು ಮಾತು ಬಿಟ್ಟಿರಲಿಲ್ಲ. ಇವತ್ತು ಭಾವನಿಗೋಸ್ಕರ ಬಿಟ್ಟರೆ, ಆವತ್ತು ಮಾಡಿದ್ದು ನಿಜವಾಗಿಯೂ ಪಾಪವೇ ಆಗಿಬಿಡುತ್ತದೆ ಎನಿಸಿತು.

ಪುಟ್ಟಿ ಮೆಟ್ಟಿಲಿಳಿದಳು. ಮೊಣಕಾಲು ಬಗ್ಗಿಸಿದಳು, ಭುಜ ಇಳಿಬಿಟ್ಟಳು, ಕುಂಟುತ್ತ ನಡೆದಳು. ತನ್ನ ಜೋಕಿಗೆ ತಾನೇ ಹಿಗ್ಗಿದ ಭಾವನ ತುಟಿಯಂಚು, ಏರಿದ ಹುಬ್ಬು, ಮಿನುಗುವ ಕಣ್ಣು, ಎಲ್ಲವನ್ನೂ ಮುಖಕ್ಕೆ ತಂದಳು. ಆಮೇಲೆ ಕೈಯೆತ್ತಿ ಹೇಳಿದಳು: ದೇವರು ಒಳಗಿನದ್ದನ್ನು ನೋಡೇ ಹೊರಗೆ ಗುರುತು ಹಾಕಿ ಕಳಿಸಿದ್ದಾನೆ.

ಅಕ್ಕ ಎದ್ದು ನಿಂತಳು. ಅವಳ ಪಕ್ಕದವಳು ಎದ್ದಳು. ಒಬ್ಬೊಬ್ಬರಾಗಿ ಬೆಂಚೇ ಎದ್ದು ನಿಂತಿತು.

"ನೋಡಿ!" ಎಂದರು ಭಾವ, ಹುರುಪಿನಿಂದ. "ಕಿವಿ ಕೇಳದೋರಿಗೂ ರಕ್ತ ಕುದೀತಿದೆ! ಎದ್ದು ನಿಂತ್ರು!"

ಪುಟ್ಟಿ ಅದನ್ನೂ ಹೇಳಿದಳು, ಅದೇ ಹುರುಪಿನಿಂದ. ಅಕ್ಕ ಇಲ್ಲವೆಂದು ನಿಧಾನವಾಗಿ ತಲೆಯಾಡಿಸಿದಳು. ನಗು ಮುಂದಿನ ಸಾಲುಗಳಲ್ಲಿ ಮೊದಲು ನಿಂತಿತು, ಆಮೇಲೆ ನಡುವೆ, ಆಮೇಲೆ ಬಾಗಿಲ ಹತ್ತಿರ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಭಾವನೂ ತಿರುಗಿದರು.

ಅಲ್ಲಿ ತಮ್ಮನ ಹೆಂಡತಿ ಒಂದು ಕಾಲು ಬಗ್ಗಿಸಿಕೊಂಡು, ಹಲ್ಲು ಬಿಟ್ಟು, ಹಿಗ್ಗಿ ನಿಂತಿದ್ದಳು.

"ಏನಿದು? ಸಭೆ ನಡುವೆ ಯಾರನ್ನ ಅಣಕಿಸ್ತಿದೀಯ?"

ಏನಿದು, ಸಭೆ ನಡುವೆ ಯಾರನ್ನ ಅಣಕಿಸ್ತಿದೀಯ, ಎಂದವು ಅವಳ ಕೈಗಳು. ಹುಬ್ಬು ಗಂಟಿಕ್ಕಿ, ಗದ್ದ ಮುಂದೆ ಬಂದಿತ್ತು, ಥೇಟ್ ಅವರದೇ.

ಆಗ ಅಕ್ಕನ ಕೈ ಮೇಲೆದ್ದಿತು. ಬೆಂಚು ಮಾತಾಡಿದರೆ ಅದಕ್ಕೆ ದನಿ ಕೊಡುವುದೂ ಪುಟ್ಟಿಯ ಕೆಲಸವೇ. ಆದರೆ ಆ ಚರ್ಚಿನಲ್ಲಿ ಮಾತು ಯಾವಾಗಲೂ ಪೀಠದಿಂದ ಬೆಂಚಿಗೆ ಇಳಿದದ್ದೇ ಹೊರತು, ಬೆಂಚಿನಿಂದ ಮೇಲೇರಿದ್ದನ್ನು ಯಾರೂ ಕಂಡಿರಲಿಲ್ಲ. ಪುಟ್ಟಿ ಬಾಯಿ ತೆರೆದಳು. ಅವಳ ದನಿ ಇಡೀ ಚರ್ಚಿಗೆ ಕೇಳಿಸಿತು.

"ನನ್ನ ತಂಗಿ ಹತ್ರ ಇರೋದು ಒಂದೇ ಮುಖ. ಮಾತಾಡೋರಿಗೆಲ್ಲ ಅದನ್ನೇ ಎರವಲು ಕೊಡ್ತಾಳೆ. ಆವತ್ತು ಆ ಮುಖ ಯಾರದ್ದು ಅಂತ ನಂಗೆ ಗೊತ್ತು. ಇವತ್ತಿನದು ಯಾರದ್ದು?" ಅಕ್ಕನ ಕೈ ತನ್ನ ಕಿವಿಯನ್ನು ಮುಟ್ಟಿತು. ಪುಟ್ಟಿಯ ದನಿ ಅದನ್ನೂ ಬಿಡಲಿಲ್ಲ. "ನನ್ನ ಕಿವಿಗೂ ಒಳಗಿನದ್ದನ್ನ ನೋಡೇ ಗುರುತು ಹಾಕಿದ್ದಾ, ಪಾಸ್ಟ್ರೇ?"

ಭಾವ ಅಕ್ಕನನ್ನು ನೋಡಿದರು. ಪುಟ್ಟಿಯನ್ನು ನೋಡಿದರು. ಆಮೇಲೆ ತಮ್ಮ ಕಾಲನ್ನು ನೋಡಿಕೊಂಡರು. ಅದು ಇನ್ನೂ ಬಗ್ಗಿಕೊಂಡೇ ಇತ್ತು, ಅವರಿಗೇ ತಿಳಿಯದ ಹಾಗೆ. ಬಿದ್ದುಬಿಡುತ್ತಾರೇನೋ ಎಂದು ಅವರ ಹೆಂಡತಿ ಅರ್ಧ ಎದ್ದಳು.

ಭಾವ ಕಾಲನ್ನು ನೆಟ್ಟಗೆ ಮಾಡಿ ನೆಲದ ಮೇಲೆ ಊರಿದರು.

"ನಂದು," ಎಂದರು.

ಪುಟ್ಟಿಯ ಅಂಗೈ ತನ್ನದೇ ಎದೆಯ ಮೇಲೆ ಕೂತಿತು. ನನ್ನದು.

"ಆ ಮುಖ ನಂದು. ತಪ್ಪಾಯ್ತು. ಪುಟ್ಟಿಗೆ ತಪ್ಪೊಪ್ಪಿಕೋ ಅಂದಿದ್ದೂ ನಾನೇ. ಅದೂ ತಪ್ಪು."

ಅವಳ ಕೈ ಮತ್ತೆ ಎದೆ ಮುಟ್ಟಿತು, ಮತ್ತೆ ತಲೆ ತಗ್ಗಿತು. ಪುಟ್ಟಿ ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದನ್ನು ನೋಡಲು ಬಂದಿದ್ದವರೆಲ್ಲ ಅದನ್ನು ನೋಡಿದರು. ಅದು ಯಾರ ತಪ್ಪು ಎಂದು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾವ ಪೀಠಕ್ಕೆ ಹಿಂದಿರುಗಿ ಅದರ ಅಂಚು ಹಿಡಿದು ನಿಂತರು. ಬಾಗಿಲ ಪಕ್ಕದ ಫಲಕಗಳ ಕಡೆ ಯಾರೂ ತಿರುಗಲಿಲ್ಲ. ಪ್ರಾರ್ಥನೆಯೋ ನಿಟ್ಟುಸಿರೋ ತಿಳಿಯದ ಹಾಗೆ ಅವರು "ಯೇಸುವೇ" ಎಂದರು, ಅಷ್ಟೇ.

ಪುಟ್ಟಿ ಕೈಯೆತ್ತಿದಳು. ಈ ಸಲ ನಡುಬೆರಳು ತಡೆಯದೆ ಹೋಗಿ ಎಡ ಅಂಗೈಯ ನಡುವನ್ನು ಮುಟ್ಟಿತು, ಆಮೇಲೆ ಎಡಗೈಯ ಬೆರಳು ಬಲ ಅಂಗೈಯನ್ನು. ಎದುರಿಗೆ ಅಕ್ಕನೂ ಅದನ್ನೇ ಮಾಡಿ, ಅಂಗೈಯನ್ನು ತುಟಿಗೊತ್ತಿಕೊಂಡು ಬೆಂಚಿನ ಮೇಲೆ ಕೂತಳು.